ಆ ವ್ಯಾಪಾರ ಕುದುರದೆ ಹೋಗಿದ್ದರೆ?

ಟಾಮ್ ಅಂಡ್ ಜೆರ್ರಿ ಗೊತ್ತಿಲ್ಲದ ಮನೆ ಈಗ ನಮ್ಮ ಹಳ್ಳಿಗಳಲ್ಲೂ ಕಡಿಮೆ. ಆ ಬೆಕ್ಕು, ಇಲಿ ನಮ್ಮ ಟಿವಿಗೆ ಹೇಗೆ ಬಂದವು ಅಂತ ಯಾರಾದರೂ ಕೇಳಿದರೆ "ಕೇಬಲ್‌ನವನು ಹಾಕಿದ" ಅಂದುಬಿಡುತ್ತೇವೆ. ಆದರೆ ಕೇಬಲ್‌ನವನ ಹಿಂದೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ವ್ಯಾಪಾರವಿದೆ. ಅದು ಕುದುರದೆ ಹೋಗಿದ್ದರೆ?

ಇತಿಹಾಸಕ್ಕೆ ಹೀಗೊಂದು 'ರೆ' ಹಚ್ಚಿ ನೋಡುವುದು ಬರೀ ತಮಾಷೆಗಲ್ಲ. ಹಣೆಬರಹ ಅಂದುಕೊಂಡ ಎಷ್ಟೋ ಸಂಗತಿಗಳು ಯಾರೋ ಕೂತು ಮಾಡಿದ ತೀರ್ಮಾನ ಅನ್ನುವುದು ಆಗ ತಿಳಿಯುತ್ತದೆ.

ಮೊದಲು ನಡೆದದ್ದನ್ನು ನೋಡೋಣ. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಎಂಬ ಇಬ್ಬರು 1940ರಲ್ಲಿ ಎಂಜಿಎಂ ಸಿನಿಮಾ ಕಂಪನಿಗಾಗಿ ಟಾಮ್ ಮತ್ತು ಜೆರ್ರಿಯನ್ನು ಹುಟ್ಟುಹಾಕಿದರು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗಕ್ಕೆ ಬೀಗ ಹಾಕಿತು. ಇಬ್ಬರೂ ಸೇರಿ ಹ್ಯಾನಾ-ಬಾರ್ಬೆರಾ ಎಂಬ ಸ್ವಂತ ಕಂಪನಿ ಮಾಡಿ ಟಿವಿಗೆ ಕಾರ್ಟೂನ್ ಮಾಡತೊಡಗಿದರು. ಟಿವಿಯವರು ಕೊಡುತ್ತಿದ್ದ ದುಡ್ಡು ಕಡಿಮೆ. ಅದಕ್ಕೇ ಚಿತ್ರಗಳನ್ನೂ ಕಡಿಮೆ ಬರೆದರು. ಬಾಯಿ, ಕೈಕಾಲು ಮಾತ್ರ ಅಲ್ಲಾಡುತ್ತವೆ, ಓಡುವಾಗ ಹಿಂದಿನ ಅದೇ ಗೋಡೆ, ಅದೇ ಮರ ಮತ್ತೆ ಮತ್ತೆ ಬರುತ್ತದೆ. ಯೋಗಿ ಕರಡಿ, ಫ್ಲಿಂಟ್‌ಸ್ಟೋನ್ಸ್, 1969ರ ಸ್ಕೂಬಿ ಡೂ ಎಲ್ಲವೂ ಈ ಲೆಕ್ಕಾಚಾರದ ಮಕ್ಕಳೇ.

ಸಿಎನ್‌ಎನ್ ಶುರುಮಾಡಿದ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಕೊಂಡರು. ಸಾಲದ ಹೊರೆ ತಾಳದೆ ಬಹುಪಾಲನ್ನು ಕೆಲವೇ ತಿಂಗಳಲ್ಲಿ ಮಾರಿದರು. ಹಳೆಯ ಸಿನಿಮಾಗಳ ಭಂಡಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಟಾಮ್ ಅಂಡ್ ಜೆರ್ರಿ ಅದರೊಳಗಿತ್ತು. 1991ರಲ್ಲಿ ಹ್ಯಾನಾ-ಬಾರ್ಬೆರಾ ಮಾರಾಟಕ್ಕೆ ಬಂದಾಗ ಪಾಲುದಾರರ ಜೊತೆ ಸೇರಿ ಸುಮಾರು 32 ಕೋಟಿ ಡಾಲರ್‌ಗೆ ಅದನ್ನೂ ಕೊಂಡರು. ಭಂಡಾರ ತುಂಬಿತು. 1992ರ ಅಕ್ಟೋಬರ್ 1ರಂದು ದಿನಪೂರ್ತಿ ಕಾರ್ಟೂನ್ ಹಾಕುವ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು.

ಎದುರಾಳಿ ನಿಕೆಲೋಡಿಯನ್ ದಾರಿ ಬೇರೆ. 1991ರ ಆಗಸ್ಟ್ 11ರಂದು ಅದು ಡಗ್, ರಗ್ರ್ಯಾಟ್ಸ್, ರೆನ್ ಅಂಡ್ ಸ್ಟಿಂಪಿ ಎಂಬ ಮೂರು ಹೊಸ ಕಾರ್ಟೂನುಗಳನ್ನು ಒಟ್ಟಿಗೆ ತಂದಿತು. ಒಬ್ಬರು ಹಳೇ ಕಣಜ ತೆರೆದರೆ ಇನ್ನೊಬ್ಬರು ಹೊಸ ಬಿತ್ತನೆ ಮಾಡಿದರು.

ಈಗ 'ರೆ' ಹಾಕೋಣ. 1991ರಲ್ಲಿ ಹ್ಯಾನಾ-ಬಾರ್ಬೆರಾ ಬೇರೆಯವರ ಕೈಸೇರಿದ್ದರೆ? ಟರ್ನರ್ ಬಳಿ ಉಳಿಯುತ್ತಿದ್ದದ್ದು ಹೆಚ್ಚಾಗಿ ಏಳೆಂಟು ನಿಮಿಷದ ಹಳೇ ಚಿತ್ರಗಳು. ದಿನದ 24 ಗಂಟೆ ಅವನ್ನೇ ತಿರುಗಿಸಿದರೆ ಜನ ಬೇಸತ್ತುಬಿಡುತ್ತಿದ್ದರು. ಕಾರ್ಟೂನ್ ನೆಟ್‌ವರ್ಕ್ ಹುಟ್ಟುವುದೇ ಕಷ್ಟವಿತ್ತು ಅಂತ ನಮ್ಮ ಊಹೆ. ಹ್ಯಾನಾ-ಬಾರ್ಬೆರಾ ಸ್ಟುಡಿಯೋದಲ್ಲೇ ಬೆಳೆದ ಡೆಕ್ಸ್‌ಟರ್ಸ್ ಲ್ಯಾಬೊರೇಟರಿ (1996), ಪವರ್‌ಪಫ್ ಗರ್ಲ್ಸ್ (1998) ಬಂದರೂ ಬೇರೆ ಯಾರದೋ ಮನೆಯಲ್ಲಿ, ಬೇರೆ ರೂಪದಲ್ಲಿ ಬರುತ್ತಿದ್ದವು. ನಿಕೆಲೋಡಿಯನ್‌ಗೆ ಪೈಪೋಟಿ ಸಡಿಲವಾಗುತ್ತಿತ್ತು.

ನಮ್ಮ ದೇಶದಲ್ಲಿ? ಕಾರ್ಟೂನ್ ನೆಟ್‌ವರ್ಕ್ ಇಲ್ಲಿಗೆ ಬಂದದ್ದು 1995ರಲ್ಲಿ. ಹಗಲು ಕಾರ್ಟೂನ್, ರಾತ್ರಿಯಾದರೆ ಅದೇ ಚಾನೆಲ್‌ನಲ್ಲಿ ಟಿಎನ್‌ಟಿಯ ಹಳೇ ಇಂಗ್ಲಿಷ್ ಸಿನಿಮಾ. ನಿಕೆಲೋಡಿಯನ್ ಬಂದದ್ದು 1999ರಲ್ಲಿ. ಹಾಗಂತ ಮಕ್ಕಳು ಕಾರ್ಟೂನ್ ಇಲ್ಲದೆ ಉಪವಾಸ ಬೀಳುತ್ತಿರಲಿಲ್ಲ. ಅಷ್ಟರಲ್ಲೇ ದೂರದರ್ಶನ ಜಪಾನಿನವರು ಮಾಡಿದ ಜಂಗಲ್ ಬುಕ್ಕನ್ನು ಹಿಂದಿಯಲ್ಲಿ ತೋರಿಸಿ ಮೋಗ್ಲಿಯನ್ನು ಮನೆಮಗ ಮಾಡಿಬಿಟ್ಟಿತ್ತು.

ನಮಗೆ ಹೆಚ್ಚು ಕಾಡುವ 'ರೆ' ಭಾಷೆಯದು. ಟಾಮ್ ಅಂಡ್ ಜೆರ್ರಿಗೆ ಮಾತೇ ಬೇಡ. ಪೆಟ್ಟು ಬಿದ್ದರೆ ಯಾವ ಊರಿನ ಮಗುವಾದರೂ ನಗುತ್ತದೆ. ಸ್ಕೂಬಿ ಡೂ ಹಾಗಲ್ಲ. ಕಳ್ಳ ಯಾರು, ಯಾಕೆ ದೆವ್ವದ ವೇಷ ಹಾಕಿದ ಅಂತ ತಿಳಿಯಲು ಮಾತು ಅರ್ಥವಾಗಬೇಕು. ದೊಡ್ಡ ಚಾನೆಲ್‌ಗಳು ಹಿಂದಿ, ತಮಿಳು, ತೆಲುಗಿನಲ್ಲಿ ದನಿ ಕೊಡಿಸತೊಡಗಿದಾಗ ಕನ್ನಡ ಪಟ್ಟಿಯಲ್ಲಿರಲಿಲ್ಲ. ಕನ್ನಡದಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಬಂದದ್ದು 2009ರಲ್ಲಿ.

ಆ ಹೊತ್ತಿಗೆ ಕರ್ನಾಟಕದಲ್ಲಿ ಸಿನಿಮಾ, ಧಾರಾವಾಹಿಗಳ ಡಬ್ಬಿಂಗ್‌ಗೆ ಗಟ್ಟಿ ವಿರೋಧವಿತ್ತು. ದೊಡ್ಡ ಭಾಷೆಗಳ ಚಿತ್ರಗಳು ಕನ್ನಡ ಮಾತಾಡತೊಡಗಿದರೆ ಇಲ್ಲಿನ ಕಲಾವಿದರು, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಭಯ ಅದು. ಆ ಭಯ ಸುಳ್ಳು ಅಂತ ನಾವು ಹೇಳುವುದಿಲ್ಲ. ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದು ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಆದರೆ ಕಾರ್ಟೂನಿಗೆ ಎಲ್ಲರಿಗಿಂತ ಮೊದಲೇ, 2000ದ ಸುಮಾರಿಗೇ ಬಾಗಿಲು ತೆರೆದಿದ್ದರೆ? ಧಾರವಾಡ, ಮೈಸೂರಿನ ರಂಗಭೂಮಿಯ ದನಿಗಳಿಗೆ ಕೆಲಸ ಸಿಗುತ್ತಿತ್ತು. ಸ್ಕೂಬಿ ಹೆದರಿ ಓಡುವಾಗ "ಅಯ್ಯಪ್ಪಾ!" ಅನ್ನುತ್ತಿದ್ದ. ಇಷ್ಟು ಹೊತ್ತಿಗೆ ಬೇರೆ ಭಾಷೆಯ ಕಾರ್ಟೂನನ್ನು ಚಿತ್ರ ನೋಡಿಯೇ ಊಹಿಸಿಕೊಂಡು ಬೆಳೆದ ಒಂದಿಡೀ ತಲೆಮಾರಿನ ಹಳ್ಳಿ ಮಕ್ಕಳಿಗೆ ಕತೆಯೂ ದಕ್ಕುತ್ತಿತ್ತು.

1991ರ ವ್ಯಾಪಾರ ನಮ್ಮ ಕೈಯಲ್ಲಿರಲಿಲ್ಲ. ಭಾಷೆಯ ವಿಷಯ ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ. ಇವತ್ತು ನಿಮ್ಮ ಮನೆಯ ಮಗು ಕಾರ್ಟೂನ್ ಹಾಕಿದಾಗ ರಿಮೋಟ್‌ನಲ್ಲಿ ಭಾಷೆಯ ಬಟನ್ ಒತ್ತಿ ನೋಡಿ. ಕನ್ನಡ ಸಿಗದಿದ್ದರೆ ಕೇಬಲ್‌ನವರನ್ನು ಕೇಳಿ, ಚಾನೆಲ್‌ಗೂ ಬರೆಯಿರಿ. ಯಾರೂ ಕೇಳದ ಭಾಷೆಗೆ ದನಿ ಕೊಡಿಸಲು ಯಾವ ಚಾನೆಲ್ಲೂ ದುಡ್ಡು ಬಿಚ್ಚುವುದಿಲ್ಲ.