ಕುಡಿ ಚಿವುಟುವ ಮುನ್ನ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮನೆಯ ಹಿತ್ತಲಲ್ಲಿ ಎಂಟು ಟೊಮೆಟೊ ಗಿಡಗಳಿವೆ. ಅವುಗಳ ಕುಡಿ ಚಿವುಟುವ ಕೆಲಸ ನನ್ನನ್ನು ಇತಿಹಾಸದತ್ತ ಕರೆದೊಯ್ದ ಬಗೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಕ್ರಿ.ಶ. 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ'ವನ್ನು ರಚಿಸಿದನು. ಅದರಲ್ಲಿ ವೃಕ್ಷಾಯುರ್ವೇದವಿದೆ, ಸೂಪಶಾಸ್ತ್ರವಿದೆ. ಟೊಮೆಟೊ ಮಾತ್ರ ಇಲ್ಲ. ಇರುವುದಾದರೂ ಹೇಗೆ? ಅದರ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಸೀಮೆ. ಅದನ್ನು ತೋಟದ ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೊದ ಜನ. ಅವರ ನಾವಾತ್ಲ್ ನುಡಿಯ 'ತೊಮಾತ್ಲ್' ಎಂಬುದೇ ನಮ್ಮ ಟಮಾಟಿಯ ಮೂಲಶಬ್ದ. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. 1544ರಲ್ಲಿ ಇಟಲಿಯ ಮತ್ತಿಯೋಲಿ ಅದನ್ನು ಗ್ರಂಥದಲ್ಲಿ ವರ್ಣಿಸಿದನು. ಮುಂದೆ ಯುರೋಪಿನ ಹಡಗುಗಳೊಡನೆ ನಮ್ಮಲ್ಲಿಗೂ ಬಂದಿತು. ಕನ್ನಡಿಗರು ಈ ಪರದೇಶಿಗೆ ಇಟ್ಟ ಹೆಸರುಗಳಲ್ಲಿ 'ಚಪ್ಪರಬದನೆ' ಎಂಬುದೊಂದು. ಬದನೆಯ ಬಳಗವೆಂದು ಗುರುತಿಸಿದ್ದೂ ಸರಿ, ಆಸರೆ ಬೇಡುವ ಗಿಡವೆಂದು ಕಂಡದ್ದೂ ಸರಿ. 1753ರಲ್ಲಿ ಲಿನೇಯಸ್ ಪಂಡಿತನೂ ಅದನ್ನು ಬದನೆಯ ಕುಲಕ್ಕೇ ಸೇರಿಸಿದ್ದನು.

ಬೆಳೆಯುತ್ತಲೇ ಹೋಗುವ ಜಾತಿಯಲ್ಲಿ ಎಲೆಯ ಕಂಕುಳಿನಿಂದ ಪಕ್ಕದ ಕುಡಿಗಳು ಹೊರಡುತ್ತವೆ. ಬೆರಳುದ್ದವಾಗುವ ಮೊದಲೇ ಅವನ್ನು ಚಿವುಟಿದರೆ ಗಾಳಿಬೆಳಕು ಒಳಗಾಡಿ ಕಾಯಿ ದಪ್ಪವಾಗುತ್ತದೆ. ನೆಲಕ್ಕೆ ತಾಗುವ ಎಲೆಗಳನ್ನು ತೆಗೆದರೆ ಮಣ್ಣಿನಿಂದ ಸಿಡಿದು ಹತ್ತುವ ರೋಗವೂ ಕಡಿಮೆ. ತಂಬಾಕು ಮುಟ್ಟಿದವರು ಕೈ ತೊಳೆದೇ ಗಿಡ ಮುಟ್ಟಬೇಕು. ತಂಬಾಕಿನ ನಂಜುರೋಗ ಟೊಮೆಟೊಗೂ ಅಂಟುತ್ತದೆ. ಆದರೆ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿಯೇ ಕಾಣಿಸಿಕೊಂಡ ಇನ್ನೊಂದು ಗುಣವಿದೆ: ಕುಡಿಯು ಹೂಗೊಂಚಲಿನಲ್ಲೇ ಮುಗಿದು ಗಿಡ ಗಿಡ್ಡಾಗಿ ನಿಲ್ಲುವುದು. ಇಂಥ ಗಿಡಕ್ಕೆ ಪಕ್ಕದ ಕುಡಿಯೇ ಫಲದ ಕೊಂಬೆ.

ಇದನ್ನರಿಯದೆ ನಾನು ಮೊದಲ ವರ್ಷ ಕೆಟ್ಟೆ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಕೊನೆಗೊಮ್ಮೆ ಹಳೆಯ ಬಾಗಲಕೋಟೆಯ ನಮ್ಮ ಮನೆಯನ್ನೂ ತೆಗೆದುಕೊಂಡಿತು. ಬಿಟ್ಟು ಬರುವಾಗ ನನ್ನವ್ವ ಹಿತ್ತಲಿನ ಕರಿಮಣ್ಣನ್ನು ಎರಡು ಚೀಲ ತುಂಬಿಕೊಂಡು ಬಂದು, ನವನಗರದಲ್ಲಿ ಅದರೊಳಗೇ ಸಸಿ ನೆಟ್ಟಳು. ನಾನು ಬಿಸಿಲಿಗೆ ಹಂಬಲಿಸುವ ಶೀತದೇಶದವರು ಬರೆದ ಪುಸ್ತಕವನ್ನು ನಂಬಿ, ಆ ಗಿಡ್ಡ ಗಿಡಗಳ ಕುಡಿಗಳನ್ನೆಲ್ಲ ಚಿವುಟಿದೆ. ಏಪ್ರಿಲ್ ಬಿಸಿಲಿಗೆ, ಉಳಿದಿದ್ದ ನಾಲ್ಕಾರು ಕಾಯಿಗಳೂ ನೆರಳಿಲ್ಲದೆ ಬೆಳ್ಳಗೆ ಸುಟ್ಟವು.

ಅವ್ವ ಬೈಯಲಿಲ್ಲ. "ತಮ್ಮಾ, ನಮ್ಮನ್ನ ಕಿತ್ತು ತಂದು ಇಲ್ಲಿ ಹಚ್ಯಾರ. ಗಿಡಕ್ಕರ ನಾಕ ಎಲಿ ಬಿಡಬಾರದೇನು?" ಎಂದಳು.

2008ರಿಂದ ನಮ್ಮೂರಿನಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಸಂಶಯ ಬಂದರೆ ಕೇಳಲು ತಿಳಿದವರಿದ್ದಾರೆ. ಅವ್ವ ಇಲ್ಲ. ಅವಳು ತಂದ ಎರಡು ಚೀಲ ಮಣ್ಣು ಹಿತ್ತಲಿನ ಕೆಂಪು ನೆಲದಲ್ಲಿ ಬೆರೆತುಹೋಗಿದೆ. ಯಾವುದು ಎಲ್ಲಿಯದೆಂದು ಈಗ ಹೇಳಲಾಗದು. ಈಗ ನಾನು ಕುಡಿಗೆ ಕೈಯಿಡುವ ಮುನ್ನ ಗಿಡದ ಜಾತಿಯನ್ನು ವಿಚಾರಿಸುತ್ತೇನೆ; ಕಾಯಿಯ ಮೇಲೆ ನೆರಳಾಗಿರುವ ಎಲೆಯನ್ನು ಹಾಗೆಯೇ ಬಿಡುತ್ತೇನೆ.