ಒಸಡಿನ ರೋಗ: ರಾಯಚೂರು ಸೀಮೆಯಲ್ಲಿ ಗುರುತು, ತಡೆ, ಚಿಕಿತ್ಸೆಯ ಚರಿತ್ರೆ

ಒಸಡಿನ ರೋಗವು ಹಲ್ಲನ್ನು ಹಿಡಿದಿಟ್ಟಿರುವ ಒಸಡು, ಬೇರಿನ ಸುತ್ತಲ ನಾರು ಮತ್ತು ದವಡೆಯ ಎಲುಬಿಗೆ ತಗಲುವ ಕಾಯಿಲೆ. ಇದಕ್ಕೆ ಎರಡು ಮಜಲುಗಳಿವೆ. ಮೊದಲನೆಯದು ಜಿಂಜಿವೈಟಿಸ್, ಅಂದರೆ ಒಸಡಿನ ಉರಿಯೂತ. ಒಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಈ ಮಜಲಿನಲ್ಲೇ ಆರೈಕೆ ಮಾಡಿದರೆ ರೋಗ ಪೂರ್ತಿ ವಾಸಿಯಾಗುತ್ತದೆ. ಎರಡನೆಯದು ಪೆರಿಯೊಡಾಂಟೈಟಿಸ್. ಹಳೆಯ ತಲೆಮಾರಿನವರು ಇದನ್ನು ಪಯೋರಿಯಾ ಎನ್ನುತ್ತಿದ್ದರು. ಇದರಲ್ಲಿ ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದು ಬೀಳುತ್ತದೆ, ಎಲುಬು ಕರಗುತ್ತದೆ, ಕೀವು ಒಸರುತ್ತದೆ, ಹಲ್ಲು ಅಲುಗಾಡಿ ಉದುರುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬರುವುದಿಲ್ಲ. ಬಹುತೇಕ ನೋವಿಲ್ಲದೆ ಬೆಳೆಯುವುದರಿಂದ ರೋಗಿ ವೈದ್ಯರ ಬಳಿ ಬರುವಷ್ಟರಲ್ಲಿ ತಡವಾಗಿರುತ್ತದೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಈ ರೋಗದ ಚರಿತ್ರೆ ಬಹುಮಟ್ಟಿಗೆ ಈ ತಡದ ಚರಿತ್ರೆಯೇ ಆಗಿದೆ.

ಪ್ರಾಚೀನ ವೈದ್ಯದಲ್ಲಿ

ಭಾರತದ ವೈದ್ಯರಿಗೆ ಈ ಕಾಯಿಲೆ ಬಹಳ ಹಿಂದೆಯೇ ಗೊತ್ತಿತ್ತು. ಸುಶ್ರುತ ಸಂಹಿತೆಯು 65 ಬಾಯಿರೋಗಗಳನ್ನು ಹೇಳಿ, ಅವುಗಳಲ್ಲಿ 15ನ್ನು ದಂತಮೂಲದ, ಎಂದರೆ ಒಸಡಿನ ರೋಗಗಳೆಂದು ಎಣಿಸುತ್ತದೆ. ಒಸಡು ಮೆತ್ತಗಾಗಿ, ಕಪ್ಪಾಗಿ, ದುರ್ವಾಸನೆಯೊಡನೆ ಕಾರಣವಿಲ್ಲದೆ ರಕ್ತ ಸುರಿಸುವ ಸ್ಥಿತಿಗೆ ಅದು ಶೀತಾದ ಎಂಬ ಹೆಸರು ಕೊಟ್ಟಿದೆ. ಕೀವು, ರಕ್ತ ಸುರಿದು ಹಲ್ಲು ಅಲುಗಾಡುವುದು ದಂತವೇಷ್ಟ. ಹಲ್ಲಿಗೆ ಅಂಟಿ ಮರಳಿನಂತೆ ಗಟ್ಟಿಯಾಗುವ ಕಿಟ್ಟ ದಂತಶರ್ಕರೆ. ಬುಡಕ್ಕೆ ಪೆಟ್ಟಾಗದಂತೆ ಈ ಕಿಟ್ಟವನ್ನು ತೆಗೆಯಬೇಕು ಎಂಬ ಸೂಚನೆಯೂ ಅಲ್ಲಿದೆ. ಇಂದು ಆಸ್ಪತ್ರೆಯಲ್ಲಿ ಸ್ಕೇಲಿಂಗ್ ಮಾಡುವಾಗ ವೈದ್ಯರು ಪಾಲಿಸುವುದೂ ಇದೇ ನಿಯಮವನ್ನು. ಶೀತಾದಕ್ಕೆ ಕೆಟ್ಟ ರಕ್ತ ತೆಗೆದು, ಶುಂಠಿ, ಸಾಸಿವೆ, ತ್ರಿಫಲೆ, ಮುಸ್ತೆಗಳ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿದೆ. ಹಲ್ಲುಕಡ್ಡಿಗೆ ಕಹಿಯಲ್ಲಿ ಬೇವು, ಒಗರಿನಲ್ಲಿ ಖದಿರ ಶ್ರೇಷ್ಠವೆಂದಿದೆ.

ಎಡೆದೊರೆ ಸೀಮೆಯ ಹಲ್ಲುಜ್ಜುವ ರೂಢಿ

ಶಾಸನಗಳ ಕಾಲದಲ್ಲಿ ಎಡೆದೊರೆ ನಾಡೆನಿಸಿದ್ದ ಈ ಪ್ರದೇಶದ ಹಳ್ಳಿಗಳಲ್ಲಿ ಬೇವಿನ ಕಡ್ಡಿ, ಜಾಲಿಯ ಕಡ್ಡಿ, ಇದ್ದಿಲು, ಬೂದಿ, ಉಪ್ಪು ಹಲ್ಲುಜ್ಜುವ ಸಾಧನಗಳಾಗಿದ್ದವು. ಮುಸ್ಲಿಂ ಮನೆಗಳಲ್ಲಿ ಮಿಸ್ವಾಕ್ ಕಡ್ಡಿಯ ರೂಢಿ ಇತ್ತು, ಈಗಲೂ ಇದೆ. ಕಡ್ಡಿಯ ತುದಿಯನ್ನು ಅಗಿದು ಕುಂಚದಂತೆ ಮಾಡಿಕೊಂಡು ಒಸಡಿನ ಅಂಚಿನವರೆಗೆ ಮೆಲ್ಲಗೆ ಉಜ್ಜಿದರೆ ಹಲ್ಲಿನ ಪಾಚಿ ಹೋಗುತ್ತದೆ. ಆದ್ದರಿಂದ ಕಡ್ಡಿಯನ್ನು ಹೀಗಳೆಯಲು ಕಾರಣವಿಲ್ಲ. ಇದ್ದಿಲು, ಇಟ್ಟಂಗಿ ಪುಡಿ, ಬೂದಿಗಳ ಮಾತು ಬೇರೆ. ಅವುಗಳ ಒರಟು ಕಣಗಳು ಹಲ್ಲಿನ ಮೇಲ್ಪದರವನ್ನು ಸವೆಸಿ, ಒಸಡನ್ನು ಕೆಳಕ್ಕೆ ಜಾರಿಸುತ್ತವೆ.

ಮೈಸೂರು ಸೀಮೆಯಲ್ಲಿ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಕಟ್ಟಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿ ಕನ್ನಡ ನಾಡಿನ ಮನೆಮಾತಾಯಿತು. ಆದರೆ ರಾಯಚೂರು ಆಗ ಮೈಸೂರಿನಲ್ಲಲ್ಲ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ರಾಜ್ಯದ ಭಾಗವಾಯಿತು.

ಎಲೆ, ಅಡಕೆ, ಸುಣ್ಣ, ತಂಬಾಕು ಈ ಸೀಮೆಯ ಬಾಯಿಗೆ ಹಳೆಯ ಒಡನಾಡಿಗಳು. ತಂಬಾಕಿನ ಪುಡಿಯನ್ನು ಒಸಡಿಗೆ ತಿಕ್ಕುವ ಚಟ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಲ್ಲೂ ಇತ್ತು. ನೋವು ಮರೆಸುತ್ತದೆಂದು ನಂಬಿ ತಿಕ್ಕಿದ ಪುಡಿಯೇ ಒಸಡನ್ನು ತಿನ್ನುತ್ತಿತ್ತು. ಮುಂದೆ ಗುಟ್ಕಾ ಬಂದು ಚಟ ಹದಿಹರೆಯದವರಿಗೂ ಹಬ್ಬಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು.

ಕಾರಣ ತಿಳಿದ ಬಗೆ

ಹಾಲೆಂಡಿನ ಆಂಟನಿ ಲೇವೆನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಹಾಗಿದ್ದರೂ ರೋಗಕ್ಕೂ ಪಾಚಿಗೂ ಇರುವ ನಂಟು ಖಚಿತವಾಗಲು ಸುಮಾರು ಮೂರು ಶತಮಾನ ಬೇಕಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಾಯಿಯ ಸೋಂಕೇ ಮೈಯ ಹಲವು ಕಾಯಿಲೆಗಳ ಮೂಲ ಎಂಬ ವಾದ ಪಶ್ಚಿಮದಲ್ಲಿ ಬಲವಾಗಿ, ಉಳಿಸಬಹುದಾಗಿದ್ದ ಹಲ್ಲುಗಳನ್ನೂ ಸಾಲಾಗಿ ಕೀಳಲಾಯಿತು.

1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತ 12 ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ಒಸಡೂ ಉರಿಯೂತಕ್ಕೆ ತುತ್ತಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಎಲ್ಲರದೂ ಗುಣವಾಯಿತು. ಒಸಡಿನ ಉರಿಯೂತಕ್ಕೆ ಹಲ್ಲಿನ ಪಾಚಿ ಕಾರಣ ಎಂಬುದು ಅಂದಿನಿಂದ ಸಂದೇಹವಿಲ್ಲದ ಸಂಗತಿ.

ಅದೇ ಲೋ 1970ರಿಂದ 1985ರವರೆಗೆ ಶ್ರೀಲಂಕಾದ ಚಹಾ ತೋಟದ 480 ಕೂಲಿಗಳನ್ನು ಗಮನಿಸಿದರು. ಬ್ರಷ್ಷಾಗಲಿ ದಂತವೈದ್ಯರಾಗಲಿ ಇಲ್ಲದ ಜನ ಅವರು. ಅವರಲ್ಲಿ ಶೇಕಡಾ 8ರಷ್ಟು ಜನರಿಗೆ ರೋಗ ವೇಗವಾಗಿ, 81ರಷ್ಟು ಜನರಿಗೆ ಮಧ್ಯಮ ಗತಿಯಲ್ಲಿ ಬೆಳೆಯಿತು. 11ರಷ್ಟು ಜನರಲ್ಲಿ ಒಸಡಿನ ಉರಿಯೂತ ಮುಂದಿನ ಮಜಲಿಗೆ ಹೋಗಲೇ ಇಲ್ಲ. ಪಾಚಿ ಎಲ್ಲರ ಬಾಯಲ್ಲೂ ಇದ್ದರೂ ಹಾನಿ ಒಬ್ಬೊಬ್ಬರಿಗೆ ಒಂದೊಂದು ಬಗೆ. ತಂಬಾಕು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ವಂಶದ ಗುಣ ಅದನ್ನು ಹೆಚ್ಚಿಸುತ್ತವೆ. ಬಸಿರಿನಲ್ಲಿ ಒಸಡು ಬೇಗ ಊದುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಅಮ್ಲೊಡಿಪಿನ್ ಮುಂತಾದ ಮಾತ್ರೆಗಳಿಂದ ಕೆಲವರಲ್ಲಿ ಒಸಡು ಬೆಳೆದು ಹಲ್ಲನ್ನು ಮುಚ್ಚುವುದುಂಟು.

ದಂತವೈದ್ಯ ಶಿಕ್ಷಣ ಮತ್ತು ರಾಯಚೂರು

ಡಾ. ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜನ್ನು ಆರಂಭಿಸಿದರು. 1948ರಲ್ಲಿ ದಂತವೈದ್ಯರ ಕಾಯಿದೆ, ಅದರ ಬೆನ್ನಿಗೆ ದಂತ ಪರಿಷತ್ತು ಬಂದವು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು. ರಾಯಚೂರಿನವರಿಗೆ ಹೈದರಾಬಾದು ಹತ್ತಿರ, ಬೆಂಗಳೂರು ದೂರ. ಎರಡಕ್ಕೂ ಹೋಗಲಾಗದ ರೈತಕೂಲಿಗೆ ಅಲುಗಾಡುವ ಹಲ್ಲನ್ನು ತಾನೇ ಕಿತ್ತುಕೊಳ್ಳುವುದೊಂದೇ ದಾರಿಯಾಗಿತ್ತು.

ನಗರದಲ್ಲಿ ಎ.ಎಂ.ಇ. ದಂತ ಕಾಲೇಜು ಮತ್ತು ನವೋದಯ ದಂತ ಕಾಲೇಜು ಆರಂಭವಾದ ಮೇಲೆ ಈ ಸ್ಥಿತಿ ಬದಲಾಯಿತು. ವೈದ್ಯರಾಗುವ ವಿದ್ಯಾರ್ಥಿಗಳು ರೋಗಿಗಳ ಮೇಲೆಯೇ ಅಭ್ಯಾಸ ಮಾಡಬೇಕಾದ್ದರಿಂದ ದಂತ ಕಾಲೇಜುಗಳಲ್ಲಿ ಹಲ್ಲು ಶುಚಿ ಮಾಡಿಸಲು ಖಾಸಗಿ ದವಾಖಾನೆಗಿಂತ ಕಡಿಮೆ ಖರ್ಚು. ಹಳ್ಳಿಗಳಲ್ಲಿ ಶಿಬಿರ ನಡೆಸುವುದೂ ಅವರ ಪಾಠದ ಭಾಗ. ಇಷ್ಟಾದರೂ ಪರಿಣತರೆಲ್ಲ ನಗರದಲ್ಲಿಯೇ ಉಳಿದರು. ಪ್ರಾದೇಶಿಕ ಅಸಮಾನತೆಯನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ರಾಜ್ಯದ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಆ ತಾಲ್ಲೂಕಿನಿಂದ ಗುಳೆ ಹೋಗುವ ಕುಟುಂಬಗಳಿಗೆ ಹಲವು ಸಲ ಬರಬೇಕಾದ ಒಸಡಿನ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಕಾಲುವೆ ನೀರು ಕಂಡ ಮಾನ್ವಿಯಲ್ಲಿಯೂ ನಾಟಿ, ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ರಾಯಚೂರಿಗೆ ಹೋಗಿಬರುವುದು ಸುಲಭವಲ್ಲ.

ಗುರುತಿಸುವಿಕೆ

ಒಸಡಿನ ರೋಗವನ್ನು ಗುರುತಿಸಲು ಮೊದಲು ಅದನ್ನು ನೀರಿನ ಕಲೆಯಿಂದ ಬೇರೆಯಾಗಿ ಕಾಣಬೇಕು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅಂಥ ನೀರು ಕುಡಿದವರ ಹಲ್ಲಿನಲ್ಲಿ ಬಿಳಿ, ಹಳದಿ, ಕಂದು ಕಲೆ ಉಳಿಯುತ್ತದೆ. ಆ ಕಲೆ ಒಸಡಿನ ರೋಗವಲ್ಲ, ಸ್ಕೇಲಿಂಗ್‌ನಿಂದ ಹೋಗುವುದೂ ಇಲ್ಲ. ಪಾಚಿ ಗಟ್ಟಿಯಾಗಿ ಒಸಡಿನ ಅಂಚಿಗೆ ಕೂರುವ ಕಿಟ್ಟ ಬೇರೆ: ಅದು ದಿನೇ ದಿನೇ ಬೆಳೆಯುತ್ತದೆ, ತೆಗೆದರೆ ಹೋಗುತ್ತದೆ. ಎಲ್ಲವನ್ನೂ ನೀರಿನ ಕಲೆಯೆಂದೇ ಬಗೆದವರು ಕಿಟ್ಟವನ್ನು ಕಡೆಗಣಿಸಿ ಹಲ್ಲು ಕಳೆದುಕೊಳ್ಳುತ್ತಾರೆ.

ರೋಗದ ಗುರುತುಗಳು ಇವು: ಉಜ್ಜುವಾಗ ಅಥವಾ ರೊಟ್ಟಿ ಕಡಿಯುವಾಗ ರಕ್ತ, ಬಿಡದ ಬಾಯಿವಾಸನೆ, ಒಸಡು ಕೆಳಗಿಳಿದು ಹಲ್ಲು ಉದ್ದ ಕಾಣುವುದು, ಹಲ್ಲುಗಳ ನಡುವೆ ಹೊಸದಾಗಿ ಸಂದು, ಕೀವು, ಅಲುಗಾಟ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಒಳಗೇ ಅಡಗಿರುತ್ತದೆ. ವೈದ್ಯರು ಮಿಲಿಮೀಟರ್ ಗೆರೆಗಳಿರುವ ಸಣ್ಣ ಸಲಾಕೆಯಿಂದ ಒಸಡಿನ ಸಂದಿನ ಆಳ ಅಳೆಯುತ್ತಾರೆ. 1ರಿಂದ 3 ಮಿ.ಮೀ. ಆರೋಗ್ಯದ ಲಕ್ಷಣ, 4 ಅಥವಾ ಹೆಚ್ಚಾದರೆ ಎಚ್ಚರಿಕೆ. ಎಲುಬಿನ ನಷ್ಟವನ್ನು ಎಕ್ಸ್‌ರೇ ತೋರಿಸುತ್ತದೆ. 2017ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಪ್ಪಿದ ಕ್ರಮದಂತೆ ರೋಗದ ತೀವ್ರತೆಗೆ ನಾಲ್ಕು ಹಂತ, ಅದರ ವೇಗಕ್ಕೆ ಮೂರು ದರ್ಜೆಗಳನ್ನು ಗುರುತಿಸಲಾಗುತ್ತದೆ.

ಚಿಕಿತ್ಸೆ

ಚಿಕಿತ್ಸೆಯ ಬುನಾದಿ ಸ್ಕೇಲಿಂಗ್, ಅಂದರೆ ಕಿಟ್ಟ ತೆಗೆಯುವುದು. 1950ರ ದಶಕದಲ್ಲಿ ಅಲ್ಟ್ರಾಸಾನಿಕ್ ಯಂತ್ರ ಬಂದ ಮೇಲೆ ಈ ಕೆಲಸ ಹಗುರಾಯಿತು. ಸಂದು ಆಳವಾಗಿದ್ದರೆ ಮರಗಟ್ಟಿಸುವ ಸೂಜಿ ಕೊಟ್ಟು ಬೇರಿನ ಮೇಲ್ಮೈಯನ್ನೂ ನುಣುಪು ಮಾಡುತ್ತಾರೆ. ಕೆಲವು ವಾರಗಳ ನಂತರವೂ ಆಳ ಉಳಿದರೆ ಒಸಡನ್ನು ಬಿಡಿಸಿ ಒಳಗೆ ಶುಚಿ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆಯ್ದ ಕಡೆ ಎಲುಬಿನ ಪುಡಿ ತುಂಬುತ್ತಾರೆ. ಕಿಟ್ಟ ತೆಗೆಯದೆ ಅಂಗಡಿಯಿಂದ ತಂದು ನುಂಗಿದ ಆಂಟಿಬಯಾಟಿಕ್ ಈ ರೋಗವನ್ನು ಗುಣಪಡಿಸದು. 

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂಬ ನಂಬಿಕೆ ಈ ಭಾಗದಲ್ಲಿ ಚಿಕಿತ್ಸೆಗೆ ಬಹುದೊಡ್ಡ ಅಡ್ಡಿ. ಎಲುಬು ಕರಗಿದ ಹಲ್ಲುಗಳನ್ನು ಕಿಟ್ಟವೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಅಲುಗಾಟ ಬಯಲಿಗೆ ಬರುತ್ತದೆ, ಊತ ಇಳಿದು ಸಂದು ಕಾಣುತ್ತದೆ. ಹಲ್ಲನ್ನು ಸಡಿಲಿಸಿದ್ದು ರೋಗ, ಚಿಕಿತ್ಸೆಯಲ್ಲ.

ತಡೆ

ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಬೆಳಿಗ್ಗೆ ಮತ್ತು ಮಲಗುವ ಮುನ್ನ ಎರಡೆರಡು ನಿಮಿಷ ಮೆಲ್ಲಗೆ ಉಜ್ಜಬೇಕು. ರಕ್ತ ಬಂತೆಂದು ಉಜ್ಜುವುದನ್ನು ಬಿಡಬಾರದು. ಬಿಟ್ಟರೆ ಪಾಚಿ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಹಲ್ಲುಸಂದುಗಳನ್ನು ದಾರ ಅಥವಾ ಸಣ್ಣ ಬ್ರಷ್ಷಿನಿಂದ ಶುಚಿ ಮಾಡಬೇಕು. ತಂಬಾಕು, ಗುಟ್ಕಾ ಬಿಡಬೇಕು. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಯಲ್ಲಿಟ್ಟು, ಒಸಡನ್ನೂ ತೋರಿಸಿಕೊಳ್ಳುತ್ತಿರಬೇಕು. ಒಮ್ಮೆ ಪೆರಿಯೊಡಾಂಟೈಟಿಸ್ ಬಂದವರು ಚಿಕಿತ್ಸೆಯ ನಂತರವೂ ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವುದು ಒಳಿತು.

ಇಂದಿನ ಸ್ಥಿತಿ

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಲ್ಲಿ ಆರಂಭವಾಯಿತು. ಅದೇ ಹೊತ್ತಿಗೆ ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆಯಡಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡತೊಡಗಿತು. ಬೊಚ್ಚು ಬಾಯಿಯ ಹಿರಿಯರು ಮತ್ತೆ ರೊಟ್ಟಿ ತಿನ್ನುವಂತಾದದ್ದು ದೊಡ್ಡ ಉಪಕಾರ. ಆದರೆ ಹಲ್ಲು ಹೋದ ಮೇಲೆ ಸೆಟ್ ಕೊಡುವುದಕ್ಕಿಂತ, ಹೋಗುವ ಮೊದಲೇ ಒಸಡನ್ನು ಕಾಯುವುದು ಅಗ್ಗದ್ದೂ ಹೌದು, ನ್ಯಾಯವೂ ಹೌದು. ರೋಗದ ಕಾರಣ, ಗುರುತು, ಚಿಕಿತ್ಸೆ ಮೂರೂ ಇಂದು ತಿಳಿದಿವೆ, ಪರಿಣತರೂ ರಾಯಚೂರಿನಲ್ಲೇ ಇದ್ದಾರೆ. ಉಳಿದಿರುವುದು ಆ ಆರೈಕೆಯನ್ನು ದೇವದುರ್ಗ, ಮಾನ್ವಿಗಳ ಹಳ್ಳಿಗಳಿಗೆ ನಿಯಮಿತವಾಗಿ ಮುಟ್ಟಿಸುವ ಕೆಲಸ. ಓದುಗರು ತಮ್ಮ ಪಾಲಿನದನ್ನು ಇಂದೇ ಆರಂಭಿಸಬಹುದು: ಉಜ್ಜುವಾಗ ಒಸಡಿನಿಂದ ರಕ್ತ ಬಂದರೆ ನೋವಿಗಾಗಿ ಕಾಯದೆ ದಂತವೈದ್ಯರಿಗೆ ತೋರಿಸಿಕೊಳ್ಳಿ.