ವಾರಾನ್ನದಿಂದ ಬ್ಯಾಂಕ್ ಸಾಲದವರೆಗೆ

ಮಕ್ಕಳನ್ನು ಕಾಲೇಜಿಗೆ ಕಳಿಸಬೇಕೆಂದರೆ ಮೊದಲು ಯಾವ ಖರ್ಚಿನ ಲೆಕ್ಕ ಹಾಕಬೇಕು? ಇಂದಿನ ತಂದೆ ತಾಯಿಯರನ್ನು ಕೇಳಿದರೆ ಥಟ್ಟನೆ ‘ಫೀಸು’ ಎನ್ನುತ್ತಾರೆ. ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಒಬ್ಬ ಬಡ ರೈತನಿಗೋ ಹಳ್ಳಿಯ ಶಾನುಭೋಗನಿಗೋ ಕೇಳಿದ್ದರೆ, ಹುಡುಗನ ಊಟಕ್ಕೇನು ಗತಿ, ಅವನು ಮಲಗುವುದೆಲ್ಲಿ ಎಂದು ಆತ ಮರುಪ್ರಶ್ನೆ ಹಾಕುತ್ತಿದ್ದ. ಕನ್ನಡ ನಾಡಿನಲ್ಲಿ ಬಡವರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ ಚರಿತ್ರೆ ಬಹುಪಾಲು ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಚರಿತ್ರೆಯೇ ಆಗಿದೆ.

ಇದಕ್ಕೆ ಕಾರಣ ಸರಳ. ಆಗ ಕಾಲೇಜುಗಳಿದ್ದದ್ದು ಬೆರಳೆಣಿಕೆಯ ಊರುಗಳಲ್ಲಿ. ಮೈಸೂರು ಸಂಸ್ಥಾನದವರು ಪದವಿ ಓದಲು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೋ ಮೈಸೂರಿನ ಮಹಾರಾಜಾ ಕಾಲೇಜನ್ನೋ ಸೇರಬೇಕಿತ್ತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಪಾಡು ಇನ್ನೂ ಕಷ್ಟ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಅಲ್ಲಿಯ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಮನೆಯಲ್ಲಿದ್ದರೆ ಇದ್ದುದರಲ್ಲೇ ಹಂಚಿಕೊಂಡು ತಿನ್ನುತ್ತಿದ್ದ ಮಗನಿಗೆ ಪರಊರಿನಲ್ಲಿ ತಿಂಗಳು ತಿಂಗಳು ರೊಕ್ಕ ಕಳಿಸುವುದು ಬಹುಪಾಲು ಕುಟುಂಬಗಳಿಗೆ ಆಗದ ಮಾತಾಗಿತ್ತು.

ವಾರಕ್ಕೆ ಏಳು ಮನೆ

ಈ ತೊಡಕಿಗೆ ಹಳೆಯ ಸಮಾಜ ಕಂಡುಕೊಂಡಿದ್ದ ಉಪಾಯವೇ ವಾರಾನ್ನ. ಹುಡುಗ ಊರಿನ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ವಾರ ಪೂರ್ತಿ ಊಟ. ಮಲಗಲು ದೇವಸ್ಥಾನದ ಪ್ರಾಕಾರವೋ ಯಾರದೋ ಮನೆಯ ಜಗಲಿಯೋ ಇರುತ್ತಿತ್ತು. ಏಳು ಮನೆ ಸಿಗದವನು ಸಿಕ್ಕಷ್ಟರಲ್ಲೇ ಸುಧಾರಿಸಿಕೊಂಡು ಉಳಿದ ದಿನ ನೀರು ಕುಡಿದು ಮಲಗಬೇಕು. ಪುಣೆಯ ಕಡೆ ಇದರ ಇನ್ನೊಂದು ರೂಪವಾದ ಮಾಧುಕರಿ ರೂಢಿಯಲ್ಲಿತ್ತು. ಅಲ್ಲಿ ವಿದ್ಯಾರ್ಥಿ ನಾಲ್ಕಾರು ಮನೆಗಳ ಮುಂದೆ ನಿಂತು ಬೇಯಿಸಿದ ಅನ್ನವನ್ನು ಬೇಡಿ ತರುತ್ತಿದ್ದ.

ಒಂದು ಮನೆಗೆ ವಾರಕ್ಕೊಂದು ದಿನದ ಊಟ ದೊಡ್ಡ ಹೊರೆಯಲ್ಲ. ಏಳು ಮನೆ ಸೇರಿದರೆ ಒಬ್ಬನ ಓದು ಸಾಗುತ್ತದೆ. ಈ ಲೆಕ್ಕಾಚಾರದ ಜಾಣತನವನ್ನು ಮೆಚ್ಚಲೇಬೇಕು. ಹೀಗೆ ಉಂಡು ಓದಿ ನೌಕರಿ ಹಿಡಿದವರಲ್ಲಿ ಎಷ್ಟೋ ಮಂದಿ ಮುಂದೆ ತಮ್ಮ ಮನೆಯಲ್ಲೂ ಒಬ್ಬ ಹುಡುಗನಿಗೆ ವಾರ ಗೊತ್ತುಮಾಡಿಕೊಟ್ಟರು. ಸಾಲ ತೀರುತ್ತಿದ್ದದ್ದು ಹಾಗೆ.

ಆದರೆ ಆ ಅನ್ನಕ್ಕೂ ಒಂದು ಬೆಲೆಯಿತ್ತು. ನೀರು ಸೇದುವುದು, ಪೂಜೆಗೆ ಹೂ ಬಿಡಿಸುವುದು, ಮನೆಯ ಮಕ್ಕಳಿಗೆ ಪಾಠ ಹೇಳುವುದು ಹುಡುಗನ ಪಾಲಿಗೆ ಬರುತ್ತಿದ್ದವು. ಆ ಮನೆಯಲ್ಲಿ ಸೂತಕ ಬಂದರೆ ಅಂದಿನ ಊಟ ತಪ್ಪಿತು. ಮನೆಯವರ ಮುಖದ ಗಂಟನ್ನು ನೋಡಿಕೊಂಡೇ ಉಣ್ಣಬೇಕಾದ ಸಂಕಟವನ್ನು ಹಳೆಯ ತಲೆಮಾರಿನ ಅನೇಕರು ಬರೆದಿಟ್ಟಿದ್ದಾರೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ವಾರಾನ್ನ ಜಾತಿಯ ಪಂಕ್ತಿಯನ್ನು ದಾಟಲಿಲ್ಲ. ಅದರ ಪ್ರಯೋಜನ ಹೆಚ್ಚಾಗಿ ದೊರೆತದ್ದು ಪಟ್ಟಣಗಳಲ್ಲಿ ತಮ್ಮವರ ಮನೆಗಳಿದ್ದ ಬ್ರಾಹ್ಮಣ ಹುಡುಗರಿಗೆ. ಹೆಣ್ಣುಮಕ್ಕಳು ಹೀಗೆ ಮನೆ ಮನೆ ಸುತ್ತಿ ಓದುವುದನ್ನು ಆ ಸಮಾಜ ಕನಸಿನಲ್ಲೂ ಒಪ್ಪುತ್ತಿರಲಿಲ್ಲ. ಹೊಸ್ತಿಲ ಒಳಕ್ಕೇ ಪ್ರವೇಶವಿಲ್ಲದ ಅಸ್ಪೃಶ್ಯರ ಮಕ್ಕಳಿಗೆ ವಾರ ಹೇಳುವವರಾದರೂ ಯಾರು?

ವಾರಾನ್ನದ ಹೊರಗೂ ದಾರಿಗಳಿದ್ದವು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಪಡೆದು, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಮುಗಿಸಿದ ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿಯಲು ಸಾಧ್ಯವಾದದ್ದು ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ. ಆ ಹಣ ಸಿಗದೆ ಹೋಗಿದ್ದರೆ ಕನ್ನಂಬಾಡಿಯ ಚರಿತ್ರೆ ಬೇರೆಯಾಗಿರುತ್ತಿತ್ತು. ಆದರೆ ಇಂಥ ವೇತನಗಳು ಕೆಲವೇ ಕೆಲವು. ಅವು ದೊರೆಯುತ್ತಿದ್ದದ್ದು ಹೇಗೋ ಬಿ.ಎ.ವರೆಗೆ ಬಂದು ಮುಟ್ಟಿದವರಿಗೆ.

ಸಮುದಾಯ ಹಚ್ಚಿದ ಒಲೆ

ವಾರಾನ್ನದ ಪಂಕ್ತಿಯಿಂದ ಹೊರಗುಳಿದ ಸಮುದಾಯಗಳು ತಮ್ಮದೇ ಒಲೆ ಹಚ್ಚಿದವು. 1883ರಲ್ಲಿ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ಸಂಸ್ಥೆಯೊಂದನ್ನು ಕಟ್ಟಿದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅದೇ 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯಿಂದ ಬಂದ ಹುಡುಗರಿಗೆ ಹಾಸ್ಟೆಲು ಒದಗಿಸುವುದು ಇಂಥ ಸಂಘಗಳ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಮಠಗಳೂ ಹಿಂದೆ ಬೀಳಲಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಸಿಗುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿಗಳ ಭಕ್ತರಿಂದ ಬಂದ ಧಾನ್ಯದಿಂದ ದಾಸೋಹ ನಡೆಸಿದರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಎಲ್ಲ ಜಾತಿ ಮತಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಉಚಿತವಾಗಿ ಉಂಡು ಓದುತ್ತಿದ್ದರು.

ಹಾಸ್ಟೆಲಿನ ಬೆಲೆ ಏನೆಂದು ತಿಳಿಯಲು ಎಚ್. ನರಸಿಂಹಯ್ಯನವರ ಬಾಳನ್ನು ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಈ ಬಡ ಹುಡುಗ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದ. ಮುಂದೆ ಅವರು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೆ ಕೊನೆಯವರೆಗೂ ಅವರು ವಾಸವಿದ್ದದ್ದು ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ.

ದಲಿತರ ಪಾಲಿಗೆ ಹಾದಿ ಇನ್ನೂ ದುರ್ಗಮ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ ಶಾಲೆ, ವಸತಿಗಳ ವ್ಯವಸ್ಥೆಗೆ ಕೈಹಾಕಿದಾಗ ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಸ್ವತಃ ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಮಂಜೂರು ಮಾಡಿದ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದಿಂದ. ಮುಂದೆ ಅವರು ದಲಿತ ಮಕ್ಕಳ ಶಿಕ್ಷಣಕ್ಕಾಗಿ 1928ರಲ್ಲಿ ಸಂಘ ಕಟ್ಟಿ ಹಾಸ್ಟೆಲುಗಳನ್ನು ನಡೆಸಿದ ಊರುಗಳಲ್ಲಿ ನಮ್ಮ ಧಾರವಾಡವೂ ಒಂದು.

ದಯೆಯಿಂದ ಹಕ್ಕಿಗೆ

ಇಲ್ಲಿಯವರೆಗಿನದೆಲ್ಲ ದಾನಿಗಳ ಔದಾರ್ಯದ ಮಾತಾಯಿತು. ಕೊಡುವವರ ಮನಸ್ಸು ಬದಲಾದರೆ ಅನ್ನವೂ ನಿಲ್ಲುತ್ತದೆ. ಸಂಘದ ಹಾಸ್ಟೆಲು ಸಾಮಾನ್ಯವಾಗಿ ಆ ಸಮುದಾಯದ ಹುಡುಗರಿಗೆ. ಸಂಘ ಕಟ್ಟಲು ಹಣವಂತರಿಲ್ಲದ ಸಣ್ಣಪುಟ್ಟ ಜಾತಿಗಳಿಗೆ ಅದೂ ಇಲ್ಲ. ಈ ಕೊರತೆಯನ್ನು ತುಂಬಬೇಕಾದದ್ದು ಸರ್ಕಾರ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡಬೇಕೆಂದು ಹೇಳಿ ಸುಮ್ಮನಾಗಲಿಲ್ಲ. ನೌಕರಿಗೆ ಬೇಕಾದ ಓದು ಅವರಿಗೆ ದಕ್ಕಬೇಕಾದರೆ ವಿದ್ಯಾರ್ಥಿವೇತನವೂ ಹಾಸ್ಟೆಲುಗಳೂ ಬೇಕೆಂಬುದನ್ನು ಅದು ಕಂಡುಕೊಂಡಿತ್ತು.

ಇಡೀ ದೇಶದ ಮಟ್ಟದಲ್ಲಿ ಈ ದಿಕ್ಕಿನ ದೊಡ್ಡ ಹೆಜ್ಜೆ 1944ರದು. ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದ ಅಂಬೇಡ್ಕರ್ ಅವರ ಒತ್ತಾಯದ ಫಲವಾಗಿ ಪರಿಶಿಷ್ಟ ಜಾತಿಗಳ ಕಾಲೇಜು ವಿದ್ಯಾರ್ಥಿಗಳಿಗೆ ಕೇಂದ್ರದ ವಿದ್ಯಾರ್ಥಿವೇತನ ಶುರುವಾಯಿತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಂಬ ಹೆಸರಿನಲ್ಲಿ ಅದು ಬೆಳೆದುಬಂದಿದೆ. ಫೀಸಿನ ಜೊತೆಗೆ ಊಟ ವಸತಿಗೂ ಇಂತಿಷ್ಟೆಂದು ಕೊಡುವುದು ಇದರ ವಿಶೇಷ. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ 1972ರಲ್ಲಿ ಹಾವನೂರು ಆಯೋಗವನ್ನು ನೇಮಿಸಿತು. ಹಿಂದುಳಿದ ವರ್ಗಗಳಿಗಾಗಿಯೇ ಪ್ರತ್ಯೇಕ ಇಲಾಖೆ ಬಂದದ್ದು 1977ರಲ್ಲಿ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಹಾಸ್ಟೆಲುಗಳಲ್ಲಿ ಉಂಡು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ತಲೆಮಾರೊಂದು ಹೀಗೆ ಮೂಡಿಬಂತು. ಅಲ್ಲಿಯ ಊಟ ರುಚಿಯಾಗಿತ್ತೆಂದು ಹೇಳುವವರು ಕಡಿಮೆ. ಆದರೆ ಆ ತಟ್ಟೆಯ ಮುಂದೆ ಕೂರಲು ಯಾರ ಮನೆಯ ನೀರನ್ನೂ ಸೇದಬೇಕಿರಲಿಲ್ಲ.

ಇಷ್ಟರಲ್ಲಿ ಸಮಸ್ಯೆಯೇ ಮಗ್ಗುಲು ಬದಲಿಸಿತು. ಕಾಲೇಜು ಮನೆಯ ಹತ್ತಿರ ಬಂತು, ಫೀಸು ದೂರ ಹೋಯಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ 1989ರಲ್ಲಿ ಗೊತ್ತುಪಡಿಸಿದ ವಾರ್ಷಿಕ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000, ಹೊರಗಿನವರಿಗೆ 60,000. ಸಿದ್ಧಗಂಗೆಯ ದಾಸೋಹ ನಡೆಯುತ್ತಿದ್ದ ತುಮಕೂರಿನಲ್ಲೇ ವೈದ್ಯಕೀಯ ಸೀಟು ಬಯಸಿದ ಮೀರತ್‌ನ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಶಿಕ್ಷಣ ನಾಗರಿಕರ ಹಕ್ಕು ಎಂದು 1992ರಲ್ಲಿ ತೀರ್ಪು ಬಂತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ನ್ಯಾಯಾಲಯ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ, ಅದರಾಚೆಗೆ ಸರ್ಕಾರದ ಆರ್ಥಿಕ ಶಕ್ತಿ ಇದ್ದಷ್ಟು ಎಂದಿತು. ಕಾಲೇಜು ಆ ಗೆರೆಯ ಆಚೆ ಉಳಿಯಿತು.

ಆಚೆ ಉಳಿದವರಿಗೆ ತೆರೆದದ್ದು ಬ್ಯಾಂಕಿನ ಬಾಗಿಲು. ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯಂತೆ ನಾಲ್ಕು ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ದೊರೆಯತೊಡಗಿತು. ಇದರಿಂದ ಸಾವಿರಾರು ಮನೆಗಳ ಮಕ್ಕಳಿಗೆ ಉಪಕಾರವಾಗಿದೆ ಎಂಬುದು ನಿಜ. ಬ್ಯಾಂಕು ಜಾತಿ ಕೇಳುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಆದರೆ ಏಳು ಮನೆ ಹಂಚಿಕೊಳ್ಳುತ್ತಿದ್ದ ಭಾರ ಈಗ ಒಂದೇ ಮನೆಯ ಮೇಲೆ, ಬಡ್ಡಿಯ ಸಮೇತ ಬಿದ್ದಿದೆ. ಓದು ಮುಗಿದು ಕೆಲಸ ಸಿಗದಿದ್ದರೂ ಕಂತು ಕಾಯುವುದಿಲ್ಲ.

ಹಳೆಯ ಪ್ರಶ್ನೆಯೂ ಪೂರ್ತಿ ಮಾಯವಾಗಿಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ‘ವಿದ್ಯಾಸಿರಿ’ಯನ್ನು ರಾಜ್ಯ ಸರ್ಕಾರ 2013ರಲ್ಲಿ ಆರಂಭಿಸಬೇಕಾಯಿತು. ಬಡ ಮನೆಯ ಹುಡುಗ ಯಾವ ಕಾಲದಲ್ಲೂ ತನ್ನ ಮನೆಯ ದುಡ್ಡೊಂದರಿಂದಲೇ ಕಾಲೇಜು ಮುಗಿಸಿದವನಲ್ಲ. ಖರ್ಚಿನ ಒಂದು ಪಾಲನ್ನು ಬೇರೆ ಯಾರೋ ಹೊತ್ತಿದ್ದಾರೆ. ಆ ಪಾಲು ಅವನಿಗೆ ದಯೆಯಾಗಿ ಸಿಗಬೇಕೋ, ಸಾಲವಾಗಿಯೋ, ಹಕ್ಕಾಗಿಯೋ ಎಂಬುದನ್ನು ಆಯಾ ಕಾಲದ ಸಮಾಜವೇ ತೀರ್ಮಾನಿಸಿದೆ. ಈ ಕಾಲದ ತೀರ್ಮಾನ ನಮ್ಮ ಕೈಯಲ್ಲಿದೆ.